ಒಂದು ರಿವಾಲ್ವರ್, ಮೂರು ಬೀಗ

ರಿವಾಲ್ವರ್‌ನ ಮೈಯೊಳಗೇ ಅಡಕವಾಗಿ, ಚಿಕ್ಕ ಕೀಲಿಯಿಂದ ಹಾಕಿ ತೆಗೆಯುವ ಒಳಬೀಗವನ್ನು ಕಿತ್ತು ಹಾಕಿಸಬೇಕೆಂದು ಕಳೆದ ವರ್ಷ ಹೆಚ್ಚುಕಡಿಮೆ ತೀರ್ಮಾನಿಸಿಬಿಟ್ಟಿದ್ದೆ. ಇಲ್ಲಿ ಟೆಕ್ಸಾಸ್‌ನಲ್ಲಿ ನನ್ನ ಜೊತೆ ಗುರಿ ಅಭ್ಯಾಸಕ್ಕೆ ಬರುವವರಲ್ಲಿ ಹಲವರು ಆ ಕೆಲಸ ಮಾಡಿಸಿ, ಉಳಿದ ತೂತಿಗೆ ಪುಟ್ಟ ಬಿರಟೆ ಹಾಕಿಸಿಕೊಂಡವರು. ಆದರೆ ಮನೆಯಲ್ಲಿ ಏಳು ವರ್ಷದ ಮಗನಿದ್ದಾನೆ. ಹಾಗಾಗಿ ಮೊದಲು ಮೂರು ಬಗೆಯ ಬೀಗಗಳನ್ನು ತಲಾ ಒಂದು ತಿಂಗಳು ಬಳಸಿ ನೋಡಿದೆ.

ಒಳಬೀಗದ ಮೇಲಿನ ಸಿಟ್ಟಿನಲ್ಲಿ ಅರ್ಧ ರಾಜಕೀಯ. 2000ರ ಮಾರ್ಚ್‌ನಲ್ಲಿ ರಿವಾಲ್ವರ್ ತಯಾರಿಸುವ ಸ್ಮಿತ್ ಅಂಡ್ ವೆಸನ್ ಕಂಪನಿ ಕ್ಲಿಂಟನ್ ಸರ್ಕಾರದೊಡನೆ ಸುರಕ್ಷತಾ ಒಪ್ಪಂದ ಮಾಡಿಕೊಂಡಿತು; ಗ್ರಾಹಕರು ಮುನಿಸಿಕೊಂಡು ಬಹಿಷ್ಕರಿಸಿದರು. ಮರುವರ್ಷ ಆ ಕಂಪನಿಯನ್ನು ಕೊಂಡದ್ದು ಬಂದೂಕಿನ ಬೀಗವೇ ಕಸುಬಾಗಿದ್ದ ಸೇಫ್-ಟಿ-ಹ್ಯಾಮರ್. ಆಮೇಲೆ ರಿವಾಲ್ವರ್‌ಗಳ ಎಡಮಗ್ಗುಲಲ್ಲಿ ಕೀಲಿಯ ತೂತು ಕಾಣಿಸಿಕೊಂಡಿತು, ಕ್ಲಿಂಟನ್ ಪತ್ನಿಯ ಹೆಸರಿನಲ್ಲಿ 'ಹಿಲರಿ ತೂತು' ಎಂಬ ಅಡ್ಡಹೆಸರೂ ಅಂಟಿಕೊಂಡಿತು. ಹಗುರ ಮೈಯ, ಗುಂಡು ಹಾರಿದಾಗ ಜೋರಾಗಿ ಹಿಂದಕ್ಕೆ ಒದೆಯುವ ಮಾದರಿಗಳಲ್ಲಿ ಬೀಗ ತಾನಾಗಿಯೇ ಹಾಕಿಕೊಂಡಿತೆಂಬ ದೂರುಗಳೂ ಇವೆ. ನನ್ನದು ಒಂದು ಕಿಲೋ ಮೀರಿದ ಉಕ್ಕಿನದು. ಹಾಗೆ ಒಮ್ಮೆಯೂ ಆಗಿಲ್ಲ. ಆದದ್ದು ಬೇರೆ: ಚಿಕ್ಕ ಕೀಲಿಯನ್ನು ಹುಡುಕುವ ಬೇಸರಕ್ಕೆ ನಾಲ್ಕನೆಯ ವಾರದಲ್ಲಿ ನಾನೇ ಬೀಗ ಹಾಕುವುದನ್ನು ಬಿಟ್ಟಿದ್ದೆ. ಕತ್ತಲಲ್ಲಿ, ಖಾಲಿ ರಿವಾಲ್ವರ್ ಹಿಡಿದು ಪರೀಕ್ಷಿಸಿದಾಗ ತೆರೆಯಲು ಸುಮಾರು ಒಂದು ನಿಮಿಷ ಹಿಡಿಯಿತು.

ತಂತಿಬೀಗಕ್ಕೆ ದುಡ್ಡು ಕೊಡಬೇಕಾಗಿಲ್ಲ. ಅಮೆರಿಕದ 2005ರ ಕಾನೂನಿನಂತೆ ಪರವಾನಗಿ ಪಡೆದ ವ್ಯಾಪಾರಿ ಕೈಬಂದೂಕಿನೊಡನೆ ಇಂಥದೊಂದು ಸುರಕ್ಷತಾ ಸಾಧನವನ್ನು ಒದಗಿಸಲೇಬೇಕು. ಗುಂಡು ತೆಗೆದು, ಗುಂಡು ತುಂಬುವ ಸಿಲಿಂಡರನ್ನು ಹೊರಕ್ಕೆ ಸರಿಸಿ, ಆ ಖಾಲಿ ಜಾಗದಲ್ಲಿ ತಂತಿ ಹಾಯಿಸಬೇಕು. ಮತ್ತೆ ಸಿಲಿಂಡರ್ ಮುಚ್ಚುವ ಮಾತೇ ಇಲ್ಲ. ಮಡಿಕೇರಿ ಕಡೆಯ ನಮ್ಮ ಮನೆಯಲ್ಲಿ ಅಪ್ಪ ಒಂಟಿ ನಳಿಗೆಯ ಕೋವಿಯನ್ನು ಯಾರ ಕೈಗೆ ಕೊಡುವಾಗಲೂ ನಳಿಗೆ ಬಾಗಿಸಿ, ತೆರೆದೇ ಕೊಡುತ್ತಿದ್ದರು. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಪೂಜೆಗಿಡುವಾಗ ತೋಟಾಗಳು ಇನ್ನೊಂದು ಕೋಣೆಯ ಅಲಮಾರಿಯಲ್ಲಿ. ಅದೇ ಪದ್ಧತಿ ಇದು. ಮನೆಯೊಳಗೆ ಆಯುಧ ಇರುವುದೇ ಇಷ್ಟವಿಲ್ಲದ ನನ್ನ ಹೆಂಡತಿ ಮೆಚ್ಚಿದ್ದು ಇದನ್ನು ಮಾತ್ರ, ಗುಂಡಿಲ್ಲವೆಂಬುದು ಬಾಗಿಲಲ್ಲಿ ನಿಂತೇ ಕಾಣುತ್ತದೆ ಎಂದು.

ಮೂರನೆಯದು ಬಟ್ಟೆಯ ಅಲಮಾರಿಗೆ ಬೋಲ್ಟ್ ಹಾಕಿ ಕೂರಿಸಿದ ಉಕ್ಕಿನ ಪೆಟ್ಟಿಗೆ. ಸಂಕೇತದ ಗುಂಡಿಗಳನ್ನು ಬೆರಳಿನಲ್ಲೇ ತಡವಿ ಒತ್ತಿದರೆ ತೆರೆಯಲು ಐದಾರು ಸೆಕೆಂಡು. ಬೆರಳಚ್ಚಿನ ಮಾದರಿಯನ್ನು ಮೊದಲು ತಂದಿದ್ದೆ. ಪಾತ್ರೆ ತೊಳೆದು ಬಂದ ಕೈಯನ್ನು ಅದು ಗುರುತಿಸಲಿಲ್ಲ, ಹಿಂದಿರುಗಿಸಿದೆ. ಈಗಿರುವುದರ ಬ್ಯಾಟರಿ ಒಮ್ಮೆ ಸತ್ತಿತ್ತು. ಆದರೂ ಒಂದು ದಿನವೂ ಮುಚ್ಚಲು ಮರೆಯದ ಬೀಗ ಇದೊಂದೇ.

ದಿನನಿತ್ಯಕ್ಕೆ ಪೆಟ್ಟಿಗೆ, ಅಭ್ಯಾಸದ ಮೈದಾನಕ್ಕೆ ಒಯ್ಯುವಾಗ ತಂತಿ. ಒಳಬೀಗವನ್ನು ಕೀಳಿಸಲಿಲ್ಲ. ಅದು ಬೇಡವಾದವರಿಗೆ ಬೀಗವಿಲ್ಲದ 642 ಮಾದರಿಯನ್ನು ಕಂಪನಿಯೇ ಮಾರುತ್ತದೆ. ಸುರಕ್ಷತೆಯ ಭಾಗವನ್ನೇಕೆ ತೆಗೆಸಿದಿರಿ ಎಂದು ನಾಳೆ ವಕೀಲರೊಬ್ಬರು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಒಳಬೀಗಕ್ಕೂ ವರ್ಷಕ್ಕೊಮ್ಮೆ ಕೆಲಸ ಬೀಳುತ್ತದೆ. ತಿಂಗಳ ಮಟ್ಟಿಗೆ ಊರಿಗೆ ಹೊರಡುವಾಗ ಪೆಟ್ಟಿಗೆಯೊಳಗಿನ ರಿವಾಲ್ವರ್‌ಗೆ ಅದನ್ನೂ ಹಾಕುತ್ತೇನೆ. ಒಳಬೀಗದ ಎರಡೂ ಕೀಲಿಗಳು ಹೆಂಡತಿಯ ಪಾಸ್‌ಪೋರ್ಟ್ ಚೀಲ ಸೇರುತ್ತವೆ.