ನ್ಯಾನೊಕಣ ತೇಲಿಸಲು ಲೇಸರೋ, ಅಯಸ್ಕಾಂತವೋ?

ನಿರ್ವಾತದಲ್ಲಿ ನ್ಯಾನೊಕಣವೊಂದನ್ನು (ಕಣ್ಣಿಗೆ ಕಾಣದಷ್ಟು ಚಿಕ್ಕ ಕಣ) ಏನಕ್ಕೂ ತಾಗದಂತೆ ಹಿಡಿದಿಡಬೇಕಾದರೆ ಮೊದಲ ಪ್ರಶ್ನೆ: ಕಣ ಯಾವ ವಸ್ತುವಿನದು?

ಸಿಲಿಕಾ, ಅಂದರೆ ಗಾಜಿನಂಥ ವಸ್ತು ಆದರೆ, ಬೆಳಕಿನಿಂದಲೇ ಕಣವನ್ನು ಹಿಡಿದಿಡುವ ಲೇಸರ್ ಬಲೆಯೇ ಸಲೀಸು. ಹಿಡಿತ ಬಿಗಿ, ಕಣ ಸೆಕೆಂಡಿಗೆ ಸುಮಾರು ಒಂದು ಲಕ್ಷ ಸಲ ಕಂಪಿಸುತ್ತದೆ. 2020ರಲ್ಲಿ ವಿಯೆನ್ನಾದ ತಂಡವೊಂದು ಇಂಥ ಕಣದ ಚಲನೆಯನ್ನು ಕ್ವಾಂಟಂ ತಳಸ್ಥಿತಿಯವರೆಗೆ, ಅಂದರೆ ಸಾಧ್ಯವಿರುವ ಅತಿ ಕಡಿಮೆ ಶಕ್ತಿಯ ಸ್ಥಿತಿಯವರೆಗೆ, ತಣಿಸಿತು. ತೊಂದರೆ ಬೆಳಕಿನದ್ದೇ. ಅದನ್ನು ಹೀರಿದ ಕಣ ಬಿಸಿಯಾಗುತ್ತದೆ, ನಿರ್ವಾತದಲ್ಲಿ ಆ ಬಿಸಿ ಸುಲಭಕ್ಕೆ ಹೊರಹೋಗದು. ನ್ಯಾನೊ ವಜ್ರಗಳು ಹೀಗೆ ಹಾಳಾಗುವುದುಂಟು.

ಕಾಂತೀಯ ಬಲೆಯಲ್ಲಿ ಆ ಕಾಟ ಇಲ್ಲ. ಆದರೆ ಬ್ರಿಟಿಷ್ ಗಣಿತಜ್ಞ ಅರ್ನ್‌ಶಾ 1842ರಲ್ಲೇ ಹಾಕಿಟ್ಟ ತಡೆಯೊಂದಿದೆ: ಬದಲಾಗದ ಕಾಂತಕ್ಷೇತ್ರದಲ್ಲಿ ಸಾದಾ ಅಯಸ್ಕಾಂತ ಸ್ಥಿರವಾಗಿ ತೇಲಲಾರದು. ವಜ್ರದಂಥ ಡಯಾಮ್ಯಾಗ್ನೆಟಿಕ್ (ಕಾಂತಕ್ಷೇತ್ರವನ್ನು ತುಸು ವಿಕರ್ಷಿಸುವ) ವಸ್ತು ಈ ತಡೆಗೆ ಸಿಗುವುದಿಲ್ಲ, ಕ್ಷೇತ್ರ ಕಡಿಮೆ ಇರುವ ಕಡೆಗೆ ತಾನೇ ಸರಿದು ನಿಲ್ಲುತ್ತದೆ. ಹಿಡಿತ ಮಾತ್ರ ಸಡಿಲ: ಕಂಪನ ಸೆಕೆಂಡಿಗೆ ನೂರು ಸಲದ ಆಸುಪಾಸು, ಹಾಗಾಗಿ ಕಟ್ಟಡದ ಅದುರಾಟವೂ ಒಳನುಗ್ಗುತ್ತದೆ. ಸೂಪರ್‌ಕಂಡಕ್ಟರ್ (ತೀರಾ ತಣ್ಣಗಾದಾಗ ವಿದ್ಯುತ್ ರೋಧವೇ ಇಲ್ಲವಾಗುವ ವಸ್ತು) ಕಾಂತಕ್ಷೇತ್ರವನ್ನು ಇನ್ನೂ ಬಲವಾಗಿ ವಿಕರ್ಷಿಸುತ್ತದೆ, ಆದರೆ ಉದಾಹರಣೆಗೆ ಸೀಸ ಸೂಪರ್‌ಕಂಡಕ್ಟರ್ ಆಗಬೇಕಾದರೆ ಅದನ್ನು 7.2 ಕೆಲ್ವಿನ್‌ಗಿಂತ ಕೆಳಗೆ ತಣಿಸಬೇಕು.

ನನಗೆ ಸೊಗಸೆನಿಸುವುದು ಮೂರನೆಯ ದಾರಿ. ಲೆವಿಟ್ರಾನ್ ಎಂಬ ಅಯಸ್ಕಾಂತದ ಬುಗುರಿ ಗಾಳಿಯಲ್ಲಿ ನಿಲ್ಲುವುದು ತಿರುಗುತ್ತಿರುವವರೆಗೆ ಮಾತ್ರ. ನ್ಯಾನೊ ಅಯಸ್ಕಾಂತಕ್ಕೆ ತಿರುಗುವ ಅಗತ್ಯವೇ ಇರಲಿಕ್ಕಿಲ್ಲ. ಅದರೊಳಗಿನ ಎಲೆಕ್ಟ್ರಾನ್‌ಗಳ ಸ್ಪಿನ್ನೇ (ಅವುಗಳಿಗೆ ಹುಟ್ಟಿನಿಂದಲೇ ಇರುವ ತಿರುಗುವಿಕೆಯಂಥ ಗುಣ) ಬುಗುರಿಯನ್ನು ನಿಲ್ಲಿಸುವಂಥ ಕೋನೀಯ ಸಂವೇಗ ಕೊಡಬಲ್ಲದು ಎಂದು 2017ರ ಸೈದ್ಧಾಂತಿಕ ಲೆಕ್ಕಾಚಾರ ತೋರಿಸಿತು. ಕಣ ದೊಡ್ಡದಾದಷ್ಟೂ ಸ್ಪಿನ್ನಿನ ಈ ಪ್ರಭಾವ ಮಂಕಾಗುತ್ತದೆ.

ಹೊಸದಾಗಿ ಲ್ಯಾಬ್ ಕಟ್ಟುವವರು ಸಿಲಿಕಾ, ಲೇಸರ್‌ನಿಂದಲೇ ಶುರುಮಾಡಲಿ. ವಜ್ರದ ಮೇಲೆ ಕೆಲಸವಿದ್ದರೆ ಕಾಂತೀಯ ಬಲೆ, ಜೊತೆಗೆ ಕಂಪನ ತಡೆಯುವ ಒಳ್ಳೆಯ ಮೇಜು. ಕ್ರಯೋಸ್ಟಾಟ್ (ಅತಿ ತಣ್ಣಗಿಡುವ ಉಪಕರಣ) ಈಗಾಗಲೇ ಇದ್ದರೆ ಮಾತ್ರ ಸೂಪರ್‌ಕಂಡಕ್ಟರ್.