ಬೇಸಿಗೆಯ ಚಾರಣಕ್ಕೆ ಆಯೋಜಕರ ಪಟ್ಟಿಯನ್ನಷ್ಟೇ ನೆಚ್ಚಿ ಚೀಲ ಕಟ್ಟಬೇಡಿ

ಎತ್ತರದ ಪರ್ವತಗಳಲ್ಲಿ ಬೇಸಿಗೆ ಚಾರಣಕ್ಕೆ ಹೆಸರು ಕೊಟ್ಟಿರುವವರು, ಆಯೋಜಕರು ಕಳುಹಿಸುವ ಸಾಮಾನುಪಟ್ಟಿಯನ್ನು ಪರೀಕ್ಷಿಸದೆ ಒಪ್ಪಿಕೊಳ್ಳಬಾರದು ಮತ್ತು ಮಳೆಯಂಗಿ, ಶೂ, ಸ್ಲೀಪಿಂಗ್ ಬ್ಯಾಗ್‌ಗಳನ್ನು ಬೇಸ್ ಕ್ಯಾಂಪಿನ ಬಾಡಿಗೆಗೆ ಬಿಡಬಾರದು ಎಂದು ತಿಳಿಸುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ತಂಡದಲ್ಲಿ ಒಬ್ಬ ತರುಣ ಸಾವಿನ ಹತ್ತಿರ ಹೋಗಿ ಬಂದ. ಅವನು ದುರ್ಬಲನಾಗಿರಲಿಲ್ಲ, ಏರುದಾರಿಯಲ್ಲಿ ಎಲ್ಲರಿಗಿಂತ ಮುಂದಿರುತ್ತಿದ್ದವನು ಅವನೇ. ಪಟ್ಟಿಯಲ್ಲಿ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ತಂದಿದ್ದ. ಅವನನ್ನು ಆ ಸ್ಥಿತಿಗೆ ತಂದದ್ದು ಆ ಪಟ್ಟಿ ಮತ್ತು ಬಾಡಿಗೆಗೆ ಕೊಟ್ಟ ಸಾಮಾನು.

ಪಟ್ಟಿಯಲ್ಲಿ ಇದ್ದದ್ದು ಇಷ್ಟು: ಬೇಸಿಗೆಯಾದ್ದರಿಂದ ಹಗುರವಾದ ಹತ್ತಿಯ ಬಟ್ಟೆಗಳು ಸಾಕು, ರಾತ್ರಿಗೆ ಒಂದು ಸ್ವೆಟರ್ ಇರಲಿ, ಉಳಿದದ್ದೆಲ್ಲ ಮೇಲೆ ಬಾಡಿಗೆಗೆ ಸಿಗುತ್ತದೆ. ತಪ್ಪಲಿನಲ್ಲಿ ಬೆವರು ಸುರಿಸುತ್ತ ನಿಂತವರಿಗೆ ಇದು ಸರಿಯೆಂದೇ ತೋರುತ್ತದೆ. ಆದರೆ ಪರ್ವತದಲ್ಲಿ ಪ್ರತಿ ಸಾವಿರ ಮೀಟರ್ ಏರಿದಂತೆ ಗಾಳಿಯ ಉಷ್ಣಾಂಶ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಸಾವಿರ ಮೀಟರ್ ಎತ್ತರದ ತಪ್ಪಲಿನಲ್ಲಿ 28 ಡಿಗ್ರಿ ಇದ್ದರೆ, ನಾಲ್ಕು ಸಾವಿರ ಮೀಟರ್ ಎತ್ತರದ ಕಣಿವೆದಾರಿಯಲ್ಲಿ ಅದೇ ಹೊತ್ತಿಗೆ ಎಂಟೊಂಬತ್ತು ಡಿಗ್ರಿ ಇರಬಹುದು, ಅದೂ ಬಿಸಿಲಿರುವಾಗ, ಗಾಳಿ ಬೀಸದಿರುವಾಗ. ಮೇಲಾಗಿ, ಬೇಸಿಗೆಯಲ್ಲಿ ಬೆಳಗಿನ ಬಿಸಿಲಿಗೆ ಕಾದ ಇಳಿಜಾರುಗಳಿಂದ ಮೇಲೇಳುವ ತೇವಭರಿತ ಗಾಳಿ ಮಧ್ಯಾಹ್ನದ ಹೊತ್ತಿಗೆ ಮೋಡಗಟ್ಟಿ ಗುಡುಗು, ಆಲಿಕಲ್ಲು, ಮಳೆಯಾಗಿ ಸುರಿಯುವುದು ಪರ್ವತಗಳಲ್ಲಿ ಸರ್ವೇಸಾಮಾನ್ಯ. ಇದು ಆಯೋಜಕರಿಗೆ ತಿಳಿಯದ ಸಂಗತಿಯಲ್ಲ.

ನಮಗೆ ಆದದ್ದೂ ಅದೇ. ಕಣಿವೆದಾರಿಯನ್ನು ದಾಟಿ ಇಳಿಯತೊಡಗಿದ್ದೆವು, ಮಧ್ಯಾಹ್ನವಾಗಿತ್ತು. ಮೊದಲು ಸಣ್ಣ ಆಲಿಕಲ್ಲು ಬಿತ್ತು, ಆಮೇಲೆ ಎದುರುಗಾಳಿಯೊಡನೆ ಮಳೆ ಹಿಡಿದುಕೊಂಡಿತು. ಆ ತರುಣ ಹತ್ತಿಯ ಟೀ ಶರ್ಟ್, ಜೀನ್ಸ್ ಪ್ಯಾಂಟ್ ಧರಿಸಿ, ಮೇಲೆ ಬಾಡಿಗೆಯ ಜಾಕೆಟ್ ಹಾಕಿಕೊಂಡಿದ್ದ. ಸ್ವಲ್ಪ ಹೊತ್ತಿನಲ್ಲೇ ಅವನ ಹೆಗಲು, ಬೆನ್ನು ತೊಯ್ದು ಹೋಗಿದ್ದವು. ಮೊದಲು ಜೋರಾಗಿ ನಡುಗಿದ. ನಂತರ ಸಮತಟ್ಟಾದ ಹಾದಿಯಲ್ಲೂ ಎಡವತೊಡಗಿದ. ಜಾಕೆಟ್ಟಿನ ಜಿಪ್ಪನ್ನು ಕತ್ತಿನವರೆಗೆ ಎಳೆದುಕೊಳ್ಳಲು ಹೇಳಿದಾಗ ಅವನ ಬೆರಳುಗಳಿಗೆ ಜಿಪ್ಪಿನ ತುದಿಯನ್ನು ಹಿಡಿಯಲಾಗಲಿಲ್ಲ; ಹಿಡಿದೆನೆಂದುಕೊಂಡು ಬರಿಯ ಬೆರಳನ್ನೇ ಮೇಲಕ್ಕೆ ಎಳೆಯುತ್ತಿದ್ದ. ಹೇಗಿದ್ದೀಯ ಎಂದು ಕೇಳಿದರೆ ಚೆನ್ನಾಗಿದ್ದೇನೆ ಎನ್ನುತ್ತಿದ್ದ, ಆದರೆ ಮಾತು ನಾಲಿಗೆಯಲ್ಲೇ ತೊಡರುತ್ತಿತ್ತು. ನಮ್ಮ ಮಾರ್ಗದರ್ಶಕ ಇದನ್ನು ಆಯಾಸವೆಂದು ತಿಳಿದು, ಬೇಗ ಬೇಗ ನಡೆದರೆ ಮೈ ಬಿಸಿಯಾಗುತ್ತದೆ ಎಂದು ಅವಸರಪಡಿಸುತ್ತಿದ್ದರು. ಕೆಳಗೆ ಗುಡಾರ ಹಾಕಿಕೊಂಡಿದ್ದ ಮತ್ತೊಂದು ತಂಡದ ಹಿರಿಯ ಮಾರ್ಗದರ್ಶಕರು ಅವನ ನಡಿಗೆಯನ್ನು ಕಂಡ ಕೂಡಲೇ ಅವನನ್ನು ಒಳಗೆ ಕರೆದುಕೊಂಡರು.

ಅವರು ಮಾಡಿದ್ದನ್ನು ಇಲ್ಲಿ ದಾಖಲಿಸುವುದು ಅಗತ್ಯ, ಏಕೆಂದರೆ ಅದು ಯಾರಿಗಾದರೂ ಬೇಕಾಗಬಹುದು. ಒದ್ದೆಯ ಬಟ್ಟೆಯನ್ನೆಲ್ಲ ತೆಗೆಸಿ, ಒಣಗಿದ ಉಣ್ಣೆಯ ಬಟ್ಟೆ ಹಾಕಿಸಿದರು. ನೆಲದ ತಂಪು ತಾಗದಂತೆ ಎರಡು ಮ್ಯಾಟ್‌ಗಳನ್ನು ಹಾಸಿ, ಸ್ಲೀಪಿಂಗ್ ಬ್ಯಾಗಿನೊಳಗೆ ಮಲಗಿಸಿ, ತಲೆಯನ್ನೂ ಮುಚ್ಚಿದರು. ಬಿಸಿನೀರು ತುಂಬಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಎದೆಯ ಬಳಿ ಇಟ್ಟರು. ಅವನಿಗೆ ಪೂರ್ಣ ಎಚ್ಚರವಿದೆ, ನುಂಗಬಲ್ಲ ಎಂದು ಖಚಿತವಾದ ಮೇಲಷ್ಟೇ ಸಕ್ಕರೆ ಬೆರೆಸಿದ ಬಿಸಿನೀರನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಸಿದರು. ನಮ್ಮವರೊಬ್ಬರು ಅವನ ಕೈಕಾಲು ಉಜ್ಜಲು ಹೋದಾಗ ತಡೆದರು. ಇಂಥ ಸ್ಥಿತಿಯಲ್ಲಿ ಕೈಕಾಲು ತಿಕ್ಕುವುದು, ಮದ್ಯ ಕುಡಿಸುವುದು ಎರಡೂ ಅಪಾಯಕಾರಿ. ರಾತ್ರಿಯ ವೇಳೆಗೆ ಅವನ ಮಾತು ಸರಿಯಾಯಿತು.

ದೇಹದ ಒಳಗಿನ ಉಷ್ಣಾಂಶ ಸಾಮಾನ್ಯವಾದ 37 ಡಿಗ್ರಿಯ ಆಸುಪಾಸಿನಿಂದ 35 ಡಿಗ್ರಿಗಿಂತ ಕೆಳಗಿಳಿದರೆ ಅದನ್ನು ಹೈಪೋಥರ್ಮಿಯಾ ಎನ್ನುತ್ತಾರೆ. ಹಿಮ ಬಿದ್ದರೆ ಮಾತ್ರ ಹೀಗಾಗುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ನಮ್ಮ ತಂಡದಲ್ಲೂ ಇತ್ತು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುವುದರಿಂದ, ಒದ್ದೆ ಬಟ್ಟೆ ತೊಟ್ಟು ಗಾಳಿಗೆ ಒಡ್ಡಿಕೊಂಡವರಿಗೆ ಶೂನ್ಯಕ್ಕಿಂತ ಎಷ್ಟೋ ಮೇಲಿನ ಉಷ್ಣಾಂಶದಲ್ಲೂ ಇದು ಆಗಬಹುದು. ಎಡವುವುದು, ತೊದಲುವುದು, ಬೆರಳು ಹಿಡಿತಕ್ಕೆ ಬಾರದಿರುವುದು, ಕಾರಣವಿಲ್ಲದೆ ಸಿಡುಕುವುದು ಇದರ ಮೊದಲ ಲಕ್ಷಣಗಳು. ಮೈ ಬೆಚ್ಚಗಾಗದೆಯೇ ನಡುಕ ನಿಂತುಹೋದರೆ ಸ್ಥಿತಿ ಸುಧಾರಿಸಿತೆಂದು ತಿಳಿಯಬಾರದು. ಆಗ ಅಪಾಯ ಹೆಚ್ಚಿದೆ. ಈ ಸ್ಥಿತಿಗೆ ಜಾರುತ್ತಿರುವವನಿಗೆ ತನ್ನ ಸ್ಥಿತಿ ಅರಿವಿಗೆ ಬರುವುದಿಲ್ಲವಾದ್ದರಿಂದ ಅವನ ಮಾತನ್ನು ಬಿಟ್ಟು ಅವನ ಕೈಕಾಲುಗಳ ಚಲನೆಯನ್ನು ಗಮನಿಸಬೇಕು.

ಈಗ ಬಟ್ಟೆಯ ವಿಚಾರಕ್ಕೆ ಬರುತ್ತೇನೆ. ಬಟ್ಟೆ ನಮ್ಮನ್ನು ಬೆಚ್ಚಗಿಡುವುದು ಎಳೆಗಳ ನಡುವೆ ಹಿಡಿದಿಟ್ಟುಕೊಂಡ ಗಾಳಿಯಿಂದ. ಹತ್ತಿ ನೀರನ್ನು ಹೀರಿ ಮೈಗಂಟಿಕೊಳ್ಳುತ್ತದೆ. ಗಾಳಿಯ ಜಾಗದಲ್ಲಿ ನೀರು ನಿಲ್ಲುತ್ತದೆ. ಒಣಗಲು ಬಹಳ ಹೊತ್ತು ಬೇಕಾಗುತ್ತದೆ. ಜೀನ್ಸ್ ಇದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಒದ್ದೆಯಾದಾಗ ಭಾರವಾಗಿ ಮೊಣಕಾಲನ್ನು ಬಿಗಿಹಿಡಿಯುತ್ತದೆ, ರಾತ್ರಿಯೆಲ್ಲ ಹರವಿದರೂ ಬೆಳಗ್ಗೆ ಹಾಗೆಯೇ ಇರುತ್ತದೆ. ಪಾಲಿಯೆಸ್ಟರ್ ಎಳೆ ತನ್ನ ತೂಕದ ಶೇಕಡಾ ಒಂದರಷ್ಟು ತೇವವನ್ನೂ ಒಳಗೆಳೆದುಕೊಳ್ಳುವುದಿಲ್ಲ. ಉಣ್ಣೆ ತೇವವನ್ನು ಹೀರಿಕೊಂಡರೂ ಒದ್ದೆಯಲ್ಲಿ ಹತ್ತಿಗಿಂತ ಹೆಚ್ಚು ಬೆಚ್ಚಗಿರುತ್ತದೆ. ಆದ್ದರಿಂದ ಮೈಗೆ ತಾಗುವ ಬಟ್ಟೆ ಪಾಲಿಯೆಸ್ಟರ್ ಅಥವಾ ಮೆರಿನೋ ಉಣ್ಣೆಯದಾಗಿರಲಿ, ಅದರ ಮೇಲೆ ಫ್ಲೀಸ್ (ಪಾಲಿಯೆಸ್ಟರ್ ಎಳೆಯ ಮೆತ್ತನೆಯ ಬೆಚ್ಚನೆಯ ಅಂಗಿ), ಎಲ್ಲಕ್ಕೂ ಹೊರಗೆ ಗಾಳಿ ಮತ್ತು ನೀರು ಎರಡನ್ನೂ ತಡೆಯುವ ಜಾಕೆಟ್ ಮತ್ತು ಮಳೆಪ್ಯಾಂಟ್ ಇರಲಿ. ಒಳಉಡುಪು ಕೂಡ ಹತ್ತಿಯದಾಗಿರಬಾರದು. ಇದನ್ನು ಯಾವ ಪಟ್ಟಿಯಲ್ಲೂ ನಾನು ಕಂಡಿಲ್ಲ. ಒಂದು ದಪ್ಪ ಸ್ವೆಟರ್‌ಗಿಂತ ಎರಡು ತೆಳುವಾದ ಪದರಗಳು ಹೆಚ್ಚು ಉಪಯುಕ್ತ, ಏಕೆಂದರೆ ಏರುವಾಗ ಒಂದನ್ನು ತೆಗೆದು ಬೆವರದಂತೆ ನೋಡಿಕೊಳ್ಳಬಹುದು. ಬೆವರಿನಿಂದ ತೊಯ್ದವನಿಗೂ ಮಳೆಯಲ್ಲಿ ತೊಯ್ದವನಿಗೂ ಗಾಳಿ ಬೀಸಿದಾಗ ಆಗುವ ಕಷ್ಟ ಒಂದೇ.

ಆ ತರುಣನ ಜಾಕೆಟ್ಟನ್ನು ಮರುದಿನ ಬಿಸಿಲಿನಲ್ಲಿ ಹರವಿ ನೋಡಿದೆವು. ಹೊರಗಿನಿಂದ ಅದು ಹೊಸದರಂತೆ ಕಾಣುತ್ತಿತ್ತು. ಒಳಮಗ್ಗುಲನ್ನು ತಿರುಗಿಸಿದಾಗ, ನೀರು ತಡೆಯಬೇಕಾದ ಲೇಪನ ಹೆಗಲಿನಿಂದ ಬೆನ್ನಿನ ನಡುವಿನವರೆಗೆ ಮೀನಿನ ಹುರುಪೆಯಂತೆ ಬಿಳಿ ಬಿಳಿಯಾಗಿ ಎದ್ದಿತ್ತು. ಬೆರಳಿನಿಂದ ಸವರಿದರೆ ಪುಡಿಯಾಗಿ ಉದುರಿ ಕೈಗೆ ಅಂಟಿಕೊಳ್ಳುತ್ತಿತ್ತು. ಹೆಗಲಿನ ಹೊಲಿಗೆಯ ಮೇಲೆ ಒಳಗಿನಿಂದ ಅಂಟಿಸಿದ್ದ ಪಟ್ಟಿ ಒಂದು ಗೇಣಿನಷ್ಟು ಬಿಟ್ಟುಕೊಂಡು ಜೋತಾಡುತ್ತಿತ್ತು, ಅದರ ಕೆಳಗೆ ಸೂಜಿಯ ತೂತುಗಳ ಸಾಲು ಬೆಳಕಿಗೆ ಹಿಡಿದರೆ ಸ್ಪಷ್ಟವಾಗಿ ಕಾಣುತ್ತಿತ್ತು. ಇಂಥ ಜಾಕೆಟ್‌ಗಳಿಗೆ ಸಾಮಾನ್ಯವಾಗಿ ಬಳಿಯುವ ಪಾಲಿಯುರೇಥೇನ್ ಎಂಬ ಪ್ಲಾಸ್ಟಿಕ್ ಲೇಪನ ಬಳಸದೆ ಇಟ್ಟರೂ ತೇವ ಮತ್ತು ಸೆಖೆಯಿಂದ ವರ್ಷಗಳಲ್ಲಿ ತಾನಾಗಿಯೇ ಶಿಥಿಲವಾಗುತ್ತದೆ. ಒದ್ದೆಯಾಗಿಯೇ ಮಡಚಿ ಗೋಣಿಯಲ್ಲಿ ತುಂಬಿಡುವ ಬಾಡಿಗೆ ಸಾಮಾನಿನ ಆಯುಷ್ಯ ಎಷ್ಟಿರಬಹುದೆಂದು ಯಾರಾದರೂ ಊಹಿಸಬಹುದು.

ಶೂಗಳ ನಡು ಅಟ್ಟೆಗೂ ಅನೇಕ ವೇಳೆ ಇದೇ ವಸ್ತುವನ್ನು ಬಳಸುತ್ತಾರೆ. ನಮ್ಮ ತಂಡದ ಮಹಿಳೆಯೊಬ್ಬರ ಬಾಡಿಗೆ ಶೂವಿನ ಅಟ್ಟೆ ಇಳಿಜಾರಿನಲ್ಲಿ ಪೂರ್ತಿಯಾಗಿ ಕಳಚಿಬಂದು, ಅವರು ಉಳಿದ ಹಾದಿಯನ್ನು ಹಗ್ಗ ಬಿಗಿದುಕೊಂಡು ನಡೆದರು. ಮೇಲ್ಭಾಗ ಗಟ್ಟಿಯಾಗಿರುವ, ಹೊಳೆಯುವ ಶೂವಿನಲ್ಲೂ ಇದು ಆಗುತ್ತದೆ. ಬೀರುವಿನಲ್ಲಿ ಬಹಳ ವರ್ಷ ಇಟ್ಟ ನಿಮ್ಮದೇ ಶೂ ಇದ್ದರೂ ಹೊರಡುವ ಕೆಲವು ವಾರ ಮೊದಲೇ ಹಾಕಿಕೊಂಡು ಹೊರೆಯೊಡನೆ ನಡೆದು ನೋಡಿ. ಅಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಬಿರುಕು ಬಿಟ್ಟರೆ ಅಥವಾ ಪುಡಿ ಉದುರಿದರೆ ಅದನ್ನು ಪರ್ವತಕ್ಕೆ ಒಯ್ಯಬಾರದು. ದಿನವೆಲ್ಲ ನಡೆದಾಗ ಪಾದ ಊದಿಕೊಳ್ಳುವುದರಿಂದ, ದಪ್ಪ ಉಣ್ಣೆಯ ಸಾಕ್ಸ್ ತೊಟ್ಟು ಸಂಜೆಯ ಹೊತ್ತಿನಲ್ಲಿ ಅಳತೆ ನೋಡುವುದು ಒಳ್ಳೆಯದು.

ಸ್ಲೀಪಿಂಗ್ ಬ್ಯಾಗಿನ ವಿಷಯದಲ್ಲಿ ನಮಗೆ ಹೇಳಿದ್ದು ಸುಳ್ಳಲ್ಲ, ಆದರೆ ಸುಳ್ಳಿಗಿಂತ ಕಡಿಮೆಯೂ ಅಲ್ಲ. ಮೈನಸ್ 15 ಡಿಗ್ರಿಯವರೆಗೂ ನಡೆಯುತ್ತದೆ ಎಂದು ಆಯೋಜಕರು ಬರೆದಿದ್ದರು. ಶೂನ್ಯದ ಹತ್ತಿರವಿದ್ದ ರಾತ್ರಿಯಲ್ಲೇ ನಮಗೆ ನಿದ್ದೆ ಹತ್ತಲಿಲ್ಲ. ಕಾರಣ ಬ್ಯಾಗಿನೊಳಗಿನ ಚೀಟಿಯಲ್ಲೇ ಇತ್ತು. ಸ್ಲೀಪಿಂಗ್ ಬ್ಯಾಗ್‌ಗಳಿಗೆ ಇರುವ ಯುರೋಪಿನ ಇಎನ್ 13537 ಮತ್ತು ನಂತರ ಬಂದ ಅಂತರರಾಷ್ಟ್ರೀಯ ಐಎಸ್‌ಒ 23537 ಮಾನಕಗಳ ಪ್ರಕಾರ ಚೀಟಿಯಲ್ಲಿ ಸಾಮಾನ್ಯವಾಗಿ ಮೂರು ಅಂಕಿಗಳಿರುತ್ತವೆ: ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್. ಮೊದಲನೆಯದು ಆರಾಮವಾಗಿ ಮಲಗಬಹುದಾದ ಉಷ್ಣಾಂಶ; ಎರಡನೆಯದು ಮುದುಡಿಕೊಂಡು ಹೇಗೋ ನಿದ್ರಿಸಬಹುದಾದ ಮಿತಿ; ಮೂರನೆಯದು ಜೀವ ಉಳಿಯಬಹುದೆಂಬ, ಆದರೆ ಶೀತದಿಂದ ದೇಹಕ್ಕೆ ಹಾನಿಯಾಗುವ ಸಂಭವವಿರುವ ಕೊನೆಯ ಗಡಿ. ನಮ್ಮ ಬ್ಯಾಗಿನಲ್ಲಿ ಮೊದಲ ಅಂಕಿ ಶೂನ್ಯಕ್ಕಿಂತ 5 ಡಿಗ್ರಿ ಮೇಲಿತ್ತು. ಜಾಹೀರಾತಿಗೆ ಬಳಸಿದ್ದು ಮೂರನೆಯದನ್ನು. ಯಾರು ಯಾವ ಅಂಕಿ ಹೇಳಿದರೂ ಕಂಫರ್ಟ್ ಎಷ್ಟು ಎಂದು ಕೇಳಿ, ಚೀಟಿಯನ್ನು ಕಣ್ಣಾರೆ ನೋಡಿ. ಜೊತೆಗೆ, ಮಲಗಿದವನ ಕೆಳಗೆ ಬ್ಯಾಗಿನ ತುಂಬು ಅದುಮಿ ಹೋಗುವುದರಿಂದ ಒಳ್ಳೆಯ ಮ್ಯಾಟ್ ಇಲ್ಲದೆ ಯಾವ ಬ್ಯಾಗೂ ನೆಲದ ತಂಪನ್ನು ತಡೆಯಲಾರದು. ಗರಿ ತುಂಬಿದ ಬ್ಯಾಗ್, ಜಾಕೆಟ್‌ಗಳು ಹಗುರವಾಗಿದ್ದರೂ ಒದ್ದೆಯಾದರೆ ಮುದ್ದೆಯಾಗಿ ನಿಷ್ಪ್ರಯೋಜಕವಾಗುತ್ತವೆ. ಅವನ್ನು ಒಣಗಿರುವಂತೆ ಕಾಪಾಡುವ ಏರ್ಪಾಡೂ ನಿಮ್ಮಲ್ಲಿರಬೇಕು.

ಆ ಏರ್ಪಾಡು ಬಹಳ ಸರಳ. ಬೆನ್ನುಚೀಲಕ್ಕೆ ಹೊರಗಿನಿಂದ ಹಾಕುವ ಕವರು ಬೆನ್ನಿಗೆ ತಾಗುವ ಭಾಗವನ್ನು ಮುಚ್ಚುವುದಿಲ್ಲ, ಗಾಳಿಗೆ ಹಾರಿಯೂ ಹೋಗುತ್ತದೆ; ಮಳೆಯ ನೀರು ಬೆನ್ನಿನ ಗುಂಟ ಇಳಿದು ಚೀಲದೊಳಗೆ ಸೇರುತ್ತದೆ. ಚೀಲದ ಒಳಗೆ ದಪ್ಪನೆಯ ದೊಡ್ಡ ಪ್ಲಾಸ್ಟಿಕ್ ಚೀಲವೊಂದನ್ನು ಇಟ್ಟು, ಅದರಲ್ಲಿ ಸಾಮಾನು ತುಂಬಿ ಬಾಯಿ ತಿರುಚಿ ಕಟ್ಟಬೇಕು. ಮಲಗುವಾಗ ಹಾಕಿಕೊಳ್ಳುವ ಒಂದು ಜೊತೆ ಒಣ ಬಟ್ಟೆ ಮತ್ತು ಸಾಕ್ಸನ್ನು ಬೇರೆಯದೇ ಪೊಟ್ಟಣದಲ್ಲಿ ಕಟ್ಟಿಟ್ಟು, ಎಷ್ಟೇ ಆಸೆಯಾದರೂ ನಡೆಯುವಾಗ ಅದನ್ನು ಮುಟ್ಟಬಾರದು. ಮಳೆಜಾಕೆಟ್, ಟೋಪಿ, ಕೈಗವಸುಗಳನ್ನು ಮಾತ್ರ ಎಲ್ಲಕ್ಕಿಂತ ಮೇಲೆ, ಕೈಗೆ ತಟ್ಟನೆ ಸಿಗುವಂತೆ ಇಟ್ಟುಕೊಳ್ಳಬೇಕು. ಮಳೆ ಹಿಡಿದ ಮೇಲೆ ಚೀಲವನ್ನೆಲ್ಲ ಬಿಚ್ಚಿ ಹುಡುಕುವವನು ಜಾಕೆಟ್ ಸಿಗುವಷ್ಟರಲ್ಲಿ ತೊಯ್ದಿರುತ್ತಾನೆ. ಕುದುರೆ ಅಥವಾ ಹೇಸರಗತ್ತೆಯ ಮೇಲೆ ಹೊರಿಸುವ ದೊಡ್ಡ ಚೀಲದಲ್ಲಂತೂ ಇವುಗಳನ್ನು ಎಂದಿಗೂ ಹಾಕಬೇಡಿ, ಏಕೆಂದರೆ ಆ ಚೀಲ ಸಂಜೆ ಶಿಬಿರ ತಲುಪುವವರೆಗೆ ನಿಮ್ಮ ಕೈಗೆ ಸಿಗುವುದಿಲ್ಲ. ನಮ್ಮಲ್ಲಿ ಇಬ್ಬರ ಫ್ಲೀಸ್‌ಗಳು ಹೀಗೆಯೇ ಮುಂದೆ ಹೋಗಿಬಿಟ್ಟಿದ್ದವು.

ಬಿಸಿಲಿನ ಬಗ್ಗೆಯೂ ಪಟ್ಟಿಯಲ್ಲಿ ಒಂದು ಟೋಪಿಯ ಹೊರತು ಏನೂ ಇರಲಿಲ್ಲ. ಎತ್ತರ ಹೆಚ್ಚಿದಂತೆ ಪ್ರತಿ ಸಾವಿರ ಮೀಟರ್‌ಗೆ ನೇರಳಾತೀತ ಕಿರಣಗಳ ತೀವ್ರತೆ ಸುಮಾರು ಶೇಕಡಾ 10ರಷ್ಟು ಏರುತ್ತದೆ. ಹೊಸ ಹಿಮವಾದರೆ ತನ್ನ ಮೇಲೆ ಬಿದ್ದ ಆ ಕಿರಣಗಳಲ್ಲಿ ಶೇಕಡಾ 80ರವರೆಗೆ ಹಿಂದಿರುಗಿಸುತ್ತದೆ. ಬದಿಗಳನ್ನೂ ಮುಚ್ಚುವ, ನೇರಳಾತೀತ ಕಿರಣ ತಡೆಯುವ ಕನ್ನಡಕವಿಲ್ಲದೆ ಹಿಮದ ಮೇಲೆ ನಡೆದವರಿಗೆ ಕೆಲವು ಗಂಟೆಗಳ ನಂತರ ಕಣ್ಣಿನಲ್ಲಿ ಮರಳು ಬಿದ್ದಂಥ ಉರಿ ಬಂದು, ಕಣ್ಣು ತೆರೆಯುವುದೇ ಕಷ್ಟವಾಗುತ್ತದೆ. ಹೆಡ್‌ಲ್ಯಾಂಪ್ ಮತ್ತು ಹೆಚ್ಚುವರಿ ಬ್ಯಾಟರಿ ಪ್ರತಿಯೊಬ್ಬರ ಬಳಿಯೂ ಇರಲಿ.

ಇದೆಲ್ಲ ಅತಿಯಾಯಿತು, ಅನುಭವವಿರುವವರಿಗೆ ಇಷ್ಟೊಂದು ಬೇಡ ಎನ್ನುವವರು 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದ ಬೈಯಿನ್ ಬಳಿ ನಡೆದ 100 ಕಿಲೋಮೀಟರ್ ಪರ್ವತ ಓಟವನ್ನು ನೆನೆಯಬೇಕು. ಓಟದ ನಡುವೆ ಇದ್ದಕ್ಕಿದ್ದಂತೆ ಆಲಿಕಲ್ಲು, ಕೊರೆಯುವ ಮಳೆ, ಬಿರುಗಾಳಿ ಬಂದು 21 ಓಟಗಾರರು ಸತ್ತರು. ಅವರಲ್ಲಿ ದೇಶದ ಅತ್ಯುತ್ತಮ ದೂರದೋಟಗಾರರೂ ಇದ್ದರು. ಅನೇಕರು ಅರ್ಧ ಚಡ್ಡಿ, ತೆಳುವಾದ ಅಂಗಿಯಲ್ಲಿದ್ದರು. ಗಾಳಿತಡೆಯುವ ಜಾಕೆಟ್ ಆ ಓಟದ ಕಡ್ಡಾಯ ಸಾಮಾನುಗಳಲ್ಲಿ ಇರಲಿಲ್ಲ. ಪಟ್ಟಿ ಮಾಡುವವರ ಕೈಯಲ್ಲಿ ಎಷ್ಟು ಜೀವಗಳಿರುತ್ತವೆ ಎಂಬುದಕ್ಕೆ ಇದಕ್ಕಿಂತ ಕಠೋರವಾದ ಉದಾಹರಣೆ ನನಗೆ ಗೊತ್ತಿಲ್ಲ.

ಊರಿಗೆ ಮರಳಿದ ಮೇಲೆ ನಾವು ಚಿತ್ರಗಳ ಸಹಿತ ಆಯೋಜಕರಿಗೆ ಬರೆದೆವು. ಹವಾಮಾನ ತಮ್ಮ ಕೈಯಲ್ಲಿಲ್ಲ ಎಂಬ ಉತ್ತರ ಬಂತು. ಜಾಕೆಟ್ಟಿನ ಬಗ್ಗೆ ಆ ಉತ್ತರದಲ್ಲಿ ಒಂದು ಮಾತೂ ಇರಲಿಲ್ಲ. ಪಟ್ಟಿಯನ್ನು ತಿದ್ದುವುದಾಗಿಯೂ ಹೇಳಲಿಲ್ಲ. ಆದ್ದರಿಂದ ಹಣ ಕಟ್ಟುವ ಮೊದಲೇ ಇಷ್ಟನ್ನು ಬರಹದಲ್ಲಿ ಕೇಳಿ ಪಡೆಯಿರಿ: ಅತಿ ಎತ್ತರದ ಶಿಬಿರದಲ್ಲಿ ಆ ತಿಂಗಳ ರಾತ್ರಿಯ ಕನಿಷ್ಠ ಉಷ್ಣಾಂಶ ಎಷ್ಟು, ಸ್ಲೀಪಿಂಗ್ ಬ್ಯಾಗಿನ ಕಂಫರ್ಟ್ ಅಂಕಿ ಎಷ್ಟು, ತಂಡದೊಡನೆ ನಡೆಯುವ ಮಾರ್ಗದರ್ಶಕರ ಬಳಿ ಹೆಚ್ಚುವರಿ ಒಣ ಬಟ್ಟೆ ಮತ್ತು ತುರ್ತು ಗುಡಾರ ಇರುತ್ತದೆಯೇ, ಮಾರ್ಗದರ್ಶಕರಿಗೆ ಪ್ರಥಮ ಚಿಕಿತ್ಸೆಯ ತರಬೇತಿ ಆಗಿದೆಯೇ. ಸ್ಪಷ್ಟ ಉತ್ತರ ಬರದಿದ್ದರೆ ಬೇರೆ ತಂಡವನ್ನು ಹುಡುಕಿ. ಬಾಡಿಗೆಗೆ ಪಡೆಯಲೇಬೇಕಾದರೆ, ಹೊರಡುವ ಹಿಂದಿನ ದಿನವೇ ಜಾಕೆಟ್ಟನ್ನು ಒಳಮಗ್ಗುಲು ತಿರುಗಿಸಿ, ಹೆಗಲಿನ ಮೇಲೆ ಒಂದು ಲೋಟ ನೀರು ಸುರಿದು ಕೆಲವು ನಿಮಿಷ ಬಿಟ್ಟು ಮತ್ತೊಂದು ಬದಿಯನ್ನು ಕೈಯಿಂದ ಮುಟ್ಟಿ ನೋಡಿ; ತೇವ ತಾಗಿದರೆ ಅಲ್ಲಿಯೇ ಹಿಂದಿರುಗಿಸಿ.