ತೋಟದ ನಡುವಿನ ಶಾಲೆ: ಮೂರನೇ ತರಗತಿವರೆಗೆ ಗಟ್ಟಿ, ನಾಲ್ಕರಲ್ಲಿ ಸಡಿಲ

ವಿರಾಜಪೇಟೆ ತಾಲ್ಲೂಕಿನ ಕಾಫಿ ತೋಟಗಳ ನಡುವೆ ಇರುವ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಇದು. ಒಂದರಿಂದ ಐದನೇ ತರಗತಿ. ಮುಖ್ಯ ಶಿಕ್ಷಕಿ, ಒಬ್ಬ ಸಹಶಿಕ್ಷಕಿ, ಒಬ್ಬ ಅತಿಥಿ ಶಿಕ್ಷಕ, ಇಷ್ಟೇ ಬಳಗ. ಮಕ್ಕಳಲ್ಲಿ ಹೆಚ್ಚಿನವರು ಲೈನ್‌ಮನೆಗಳಿಂದ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳಿಂದ ಬರುವವರು. ಮನೆಮಾತು ಯರವ, ಕೊಡವ ತಕ್ಕ್, ಮಲಯಾಳ, ತುಳು. ಉತ್ತರದಿಂದ ಕೆಲಸಕ್ಕೆ ಬಂದ ಕುಟುಂಬಗಳಲ್ಲಿ ಹಿಂದಿ. ಹಲವರಿಗೆ ಕನ್ನಡ ಸರಿಯಾಗಿ ಕಿವಿಗೆ ಬೀಳುವುದೇ ಶಾಲೆಗೆ ಸೇರಿದ ಮೇಲೆ. ಇಲ್ಲಿನ ಪಾಠವನ್ನು ಅಳೆಯುವವರು ಇದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಒಂದರಿಂದ ಮೂರನೇ ತರಗತಿವರೆಗಿನ ನಲಿ-ಕಲಿ ಕೊಠಡಿಯೇ ಶಾಲೆಯ ಜೀವ. ಮೂರೂ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಕೂತು, ಕಾರ್ಡುಗಳ ಮೂಲಕ ಮೆಟ್ಟಿಲು ಮೆಟ್ಟಿಲಾಗಿ ತಮ್ಮದೇ ವೇಗದಲ್ಲಿ ಕಲಿಯುವ ಪದ್ಧತಿ ಇದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಇದು ಈಗ ರಾಜ್ಯದ ಸರ್ಕಾರಿ ಶಾಲೆಗಳಲ್ಲೆಲ್ಲ ಇದೆ, ಆದರೆ ಹೆಸರಿಗಷ್ಟೇ ನಡೆಯುವ ಕಡೆಗಳೂ ಬೇಕಾದಷ್ಟಿವೆ. ಅದು ಕೆಡುವುದು ಹೇಗೆ ಅಂದರೆ, ಶಿಕ್ಷಕರು ಐದು ತಟ್ಟೆಗಳಲ್ಲಿ (ಯಾರ ಸಹಾಯ ಎಷ್ಟು ಬೇಕೆಂದು ನೋಡಿ ಮಾಡಿದ ಮಕ್ಕಳ ಗುಂಪುಗಳಲ್ಲಿ) ಒಂದರಲ್ಲೇ ಕೂತುಬಿಡುತ್ತಾರೆ, ಗೆಳೆಯರ ಸಹಾಯದ ತಟ್ಟೆಯಲ್ಲಿ ಒಬ್ಬ ಬರೆದದ್ದನ್ನು ಉಳಿದವರು ನಕಲು ಮಾಡುತ್ತಾರೆ, ಕಾರ್ಡ್ ಕಳೆದುಹೋದರೆ ಆ ಮೆಟ್ಟಿಲನ್ನೇ ದಾಟಿಸಿಬಿಡುತ್ತಾರೆ. ಇಲ್ಲಿ ಪ್ರತಿ ಶನಿವಾರ ಕಾರ್ಡ್ ಎಣಿಸುತ್ತಾರೆ. ಹರಿದದ್ದನ್ನು, ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿದದ್ದನ್ನು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಸೋಮವಾರದ ಹೊತ್ತಿಗೆ ಜಾಗದಲ್ಲಿ ಇಡುತ್ತಾರೆ. ಹಾಗಾಗಿ ಮಗು ಮೆಟ್ಟಿಲುಗಳನ್ನು ಸಾಲಾಗಿ ತೋರಿಸುವ ಕಲಿಕಾ ಏಣಿ ನೋಡಿಕೊಂಡು ತಾನೇ ಹೋಗಿ ತನ್ನ ಕಾರ್ಡ್ ತೆಗೆದುಕೊಳ್ಳುತ್ತದೆ.

ಭಾಷೆಯ ವಿಷಯದಲ್ಲಿ ಸಹಶಿಕ್ಷಕಿಯ ಸೂಕ್ಷ್ಮ ಮೆಚ್ಚಲೇಬೇಕು. ಚಿತ್ರಗಳನ್ನು ಹರಡಿ ‘ನರಿ ಯಾವುದು?’ ಅಂತ ಕೇಳಿದರೆ ಕೊಡವ ತಕ್ಕ್ ಮಾತಾಡುವ ಮಗು ಹುಲಿಯ ಮೇಲೆ ಬೆರಳಿಡುತ್ತದೆ. ಆ ಭಾಷೆಯಲ್ಲಿ ನರಿ ಅಂದರೆ ಹುಲಿಯೇ. ‘ತಪ್ಪು’ ಅಂದುಬಿಟ್ಟರೆ ಆ ಮಗು ಮತ್ತೆ ಬಾಯಿ ಬಿಡುವುದು ಕಷ್ಟ. ಇವರು ಎರಡೂ ಚಿತ್ರ ಎತ್ತಿ ಹಿಡಿದು ‘ನಿಮ್ಮ ಮನೆಯಲ್ಲಿ ಇದಕ್ಕೆ ಏನಂತಾರೆ?’ ಅಂತ ಒಬ್ಬೊಬ್ಬರನ್ನೇ ಕೇಳುತ್ತಾರೆ, ಬಂದ ಹೆಸರುಗಳನ್ನೆಲ್ಲ ಹಲಗೆಯ ಮೇಲೆ ಬರೆದು ಕೊನೆಗೆ ಕನ್ನಡದ್ದಕ್ಕೆ ಸುತ್ತು ಹಾಕುತ್ತಾರೆ. ಆಮೇಲೆ ಅಕ್ಷರ. ರ, ಗ, ಸ, ದ, ಅ ಕಲಿತ ಕೂಡಲೇ ಸರ, ಅರಸ, ದಸರ ಅಂತ ಪದ ಕಟ್ಟಿಸುತ್ತಾರೆ.

ಗಣಿತದಲ್ಲೂ ಅದೇ ಬಗೆ. 52ರಲ್ಲಿ 17 ಕಳೆಯಿರಿ ಅಂದರೆ ಎಷ್ಟೋ ಮಕ್ಕಳು 45 ಬರೆಯುತ್ತಾರೆ. ಎರಡರಲ್ಲಿ ಏಳು ಹೋಗುವುದಿಲ್ಲವೆಂದು ಏಳರಲ್ಲಿ ಎರಡು ಕಳೆದಿರುತ್ತಾರೆ. ಇಂಥ ಮಗುವಿಗೆ ಇಲ್ಲಿ ಕೆಂಪು ಶಾಯಿಯ ಗೀಟು ಬೀಳುವುದಿಲ್ಲ. ಹತ್ತು ಹತ್ತು ಕಡ್ಡಿಗಳ ಐದು ಕಟ್ಟು, ಎರಡು ಬಿಡಿ ಕೈಗೆ ಬರುತ್ತದೆ. ಒಂದು ಕಟ್ಟಿನ ರಬ್ಬರ್ ಬಿಚ್ಚಿ ಹನ್ನೆರಡು ಬಿಡಿ ಮಾಡಿಕೊಂಡು, ಅದರಲ್ಲಿ ಏಳು ತೆಗೆದಿಟ್ಟು, ಮತ್ತೆ ಒಂದು ಕಟ್ಟು ತೆಗೆದಾಗ 35 ಎದುರಿಗೇ ಇರುತ್ತದೆ.

ಮುಖ್ಯ ಶಿಕ್ಷಕಿಯ ಸಾಮರ್ಥ್ಯ ಕಾಣುವುದು ಕಾಫಿ ಕುಯ್ಲಿನಲ್ಲಿ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಲೈನ್‌ಮನೆ ಮಕ್ಕಳ ಹಾಜರಿ ಕುಸಿಯುತ್ತದೆ. ದೊಡ್ಡವರು ಕಣಕ್ಕೂ ತೋಟಕ್ಕೂ ಹೋದರೆ ಪುಟ್ಟ ತಮ್ಮ-ತಂಗಿಯನ್ನು ನೋಡಿಕೊಳ್ಳುವುದು ಎಂಟು ವರ್ಷದ ಅಕ್ಕನ ಪಾಲು. ಇವರು ನವೆಂಬರಿನಲ್ಲೇ ತೋಟದ ಲೆಕ್ಕ ಬರೆಯುವ ರೈಟರನ್ನೂ ಮೇಸ್ತ್ರಿಯನ್ನೂ ಅಂಗನವಾಡಿ ಕಾರ್ಯಕರ್ತೆಯನ್ನೂ ಕರೆದು ಮಾತಾಡುತ್ತಾರೆ. ಚಿಕ್ಕವು ಅಂಗನವಾಡಿಗೆ ಬಂದರೆ ಅಕ್ಕ ತಾನಾಗಿ ಶಾಲೆಗೆ ಬರುತ್ತಾಳೆ. ಬೇರೆ ತೋಟಕ್ಕೆ ಹೊರಟ ಮಗುವಿನ ಕೈಗೆ ಸ್ಯಾಟ್ಸ್ ಸಂಖ್ಯೆ (ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ), ಕನ್ನಡ ಮತ್ತು ಗಣಿತದಲ್ಲಿ ಮುಟ್ಟಿದ ಮೈಲಿಗಲ್ಲು ಬರೆದ ಚೀಟಿ ಕೊಡುತ್ತಾರೆ. ಮುಂದಿನ ಶಾಲೆಯಲ್ಲಿ ಮತ್ತೆ ಮೊದಲ ಮೆಟ್ಟಿಲಿನಿಂದ ಹತ್ತಿಸುವ ಅನ್ಯಾಯ ಇದರಿಂದ ತಪ್ಪುತ್ತದೆ. ಇಷ್ಟು ಸಣ್ಣ ಕೆಲಸವನ್ನು ಜಿಲ್ಲೆಯ ಎಲ್ಲ ಶಾಲೆಗಳೂ ಮಾಡಬಹುದು.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯನ್ನು ಕೂಲಿ ತಪ್ಪದಂತೆ ಸಂತೆ ದಿನ ಬೆಳಿಗ್ಗೆ ಇಡುವುದರಿಂದ ತಾಯಂದಿರು ಬರುತ್ತಾರೆ. ಬಿಸಿಯೂಟ ಶುಚಿಯಾಗಿದೆ.

ಕೊರತೆ ಇರುವುದು ನಾಲ್ಕನೇ ತರಗತಿಯಲ್ಲಿ. ನಲಿ-ಕಲಿ ಮುಗಿದು ಒಮ್ಮೆಗೇ ಪಠ್ಯಪುಸ್ತಕ ಬರುತ್ತದೆ. ಏಣಿ ಪೂರ್ತಿ ಹತ್ತದ ಮಕ್ಕಳಿಗೆ ಪರಿಸರ ಅಧ್ಯಯನದ ಪುಟ ತುಂಬಿದ ಪಾಠ ಓದಲಾಗುವುದಿಲ್ಲ. ಅವರು ಹಲಗೆ ಮೇಲಿನ ಪ್ರಶ್ನೋತ್ತರ ಇಳಿಸಿಕೊಂಡು ಕೂರುತ್ತಾರೆ. ಅವರ ಪುಸ್ತಕದ ದುಂಡಗಿನ ಅಕ್ಷರ ನೋಡಿ ಮೋಸಹೋಗಬಾರದು. ಅದೇ ಸಾಲಿನ ಮೇಲೆ ಬೆರಳಿಟ್ಟು ಓದಲು ಹೇಳಿದರೆ ಮಗು ತಡವರಿಸುತ್ತದೆ. ಈ ತರಗತಿ ಅತಿಥಿ ಶಿಕ್ಷಕರ ಕೈಯಲ್ಲಿದೆ; ಅವರು ವರ್ಷಕ್ಕೊಬ್ಬರು ಬದಲಾಗುತ್ತಾರೆ. ಮುಖ್ಯ ಶಿಕ್ಷಕಿ ಅಲ್ಲಿ ಕೂತು ಪಾಠ ನೋಡಬೇಕು, ಆದರೆ ಊಟದ ಲೆಕ್ಕ, ಹಾಲಿನ ಪುಡಿಯ ದಾಸ್ತಾನು, ಆನ್‌ಲೈನ್ ಮಾಹಿತಿ ತುಂಬುವುದರಲ್ಲೇ ಅವರ ಮಧ್ಯಾಹ್ನ ಕಳೆಯುತ್ತದೆ. ಕಥೆಪುಸ್ತಕಗಳು ಬೀರುವಿನಲ್ಲಿ ಬೀಗದೊಳಗಿರುವುದಕ್ಕೆ ಮಾತ್ರ ಯಾವ ಸಬೂಬೂ ಒಪ್ಪುವಂಥದ್ದಲ್ಲ. ಬೆಳಗಿನ ಮೊದಲ ಅವಧಿಯಲ್ಲಿ ನಾಲ್ಕು, ಐದನೇ ತರಗತಿಯ ಹಿಂದುಳಿದ ಮಕ್ಕಳನ್ನು ಮತ್ತೆ ನಲಿ-ಕಲಿ ಕೊಠಡಿಗೇ ಕರೆದು ಅರ್ಧ ಗಂಟೆ ಓದಿಸಿದರೆ ಹೊಸ ಹುದ್ದೆಗೆ ಕಾಯಬೇಕಿಲ್ಲ.

ಮಗುವನ್ನು ಸೇರಿಸುವ ಮುನ್ನ ನೋಡಬೇಕೆನ್ನುವವರು ಜುಲೈ ತಿಂಗಳಲ್ಲಿ, ಜೋರು ಮಳೆ ಇರುವ ದಿನ ಹೋಗಿ. ತಗಡಿನ ಮಾಡಿನ ಸದ್ದಿಗೆ ಮಾತು ಕೇಳದಿದ್ದಾಗ ಇವರು ಬರಹ, ಚಿತ್ರ, ಕಡ್ಡಿ ಲೆಕ್ಕಕ್ಕೆ ಹೊರಳುತ್ತಾರೆ. ಮಳೆ ತಗ್ಗಿದ ಕೂಡಲೇ ಹಾಡು, ಓದು ಶುರು. ನಾಲ್ಕನೇ ತರಗತಿಗೂ ಇಣುಕಿ, ಯಾವುದಾದರೂ ಪುಟ ತೆಗೆದು ಓದಿಸಿ ನೋಡಿ.